ಸೇದದೇ ಬಿಟ್ಟವರು

ಕಾರಿನಲ್ಲಿ ಸಿಗರೇಟಿನ ವಾಸನೆ ಬಂದರೆ ಯಾರೂ ಕಾರನ್ನು ಅನುಮಾನಿಸುವುದಿಲ್ಲ, ಅದರ ಪಕ್ಕ ನಿಂತ ಗಂಡಸನ್ನು ಅನುಮಾನಿಸುತ್ತಾರೆ. ನಮ್ಮನೆಯವರು ಚಹಾ ಕೂಡ ಕುಡಿಯದ ಜೀವ. ಮದುವೆಮನೆಯಲ್ಲಿ ಎಲೆಅಡಿಕೆ ಕೊಟ್ಟರೆ ಬಾಯಿಗಿಡದೆ ಜೇಬಿನಲ್ಲಿಟ್ಟುಕೊಂಡು ಬಂದು ನನ್ನ ಕೈಗೆ ಕೊಡುವವರು. ಅಂಥವರನ್ನು ವಿದ್ಯಾನಗರದ ಅರ್ಧ ಜನ ಮರುಕದಿಂದ ನೋಡುವಂತಾದದ್ದು ನಾವು ಕೊಂಡ ಹಳೇ ಕಾರಿನಿಂದ.

ಮಾರಿದವರು ಸಿಗರೇಟು ಮುಟ್ಟಿದವರೇ ಅಲ್ಲ. ಹಾಗಂತ ಅವರೇ ಹೇಳಿದ್ದು. ಡಿಸೆಂಬರಿನ ತಂಪು ಬೆಳಗಿನಲ್ಲಿ ನಾಲ್ಕೂ ಕಿಟಕಿ ಇಳಿಸಿ, ಗಾಜಿನ ಮನೆಯ ಕಡೆ ಒಂದು ಸುತ್ತು ಹಾಕಿಸಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಸೆಂಟಿನ ಡಬ್ಬಿ ಬೇರೆ. "ಎಸಿ ಯಾಕೆ ಮೇಡಂ, ನಮ್ಮ ದಾವಣಗೆರೆ ಗಾಳಿ ಎಷ್ಟು ಚೆನ್ನಾಗೈತಿ ನೋಡ್ರಿ" ಅಂದರು. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿ ಗಾಳಿಯನ್ನು ಹೊಗಳುವವರು ಏನೋ ಮಾರೋಕೇ ಬಂದಿರ್ತಾರೆ ಎಂದು ನಮ್ಮ ಅತ್ತೆಯವರು ಆಮೇಲೆ ತೀರ್ಪು ಕೊಟ್ಟರು. ಅವರ ತೀರ್ಪುಗಳೆಲ್ಲ ಆಮೇಲೇ ಬರುತ್ತವೆ.

ಮಾರ್ಚಿ ಬಂತು. ನಮ್ಮೂರ ಬಿಸಿಲು ನಿಮಗೆ ಗೊತ್ತು. ಕಾಲೇಜಿನ ಅಂಗಳದಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದ ಕಾರಿನ ಬಾಗಿಲು ತೆಗೆದೆ ನೋಡಿ, ಒಳಗಿನಿಂದ ಯಾರೋ ಅದೃಶ್ಯ ಮನುಷ್ಯ ಮುಖಕ್ಕೇ ಹೊಗೆ ಬಿಟ್ಟಂತಾಯಿತು. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಪಕ್ಕದ ಸೀಟಿನಲ್ಲಿ ಕೂತು, ಮೂಗಿಗೆ ಸೆರಗು ಹಿಡಿದುಕೊಂಡೇ ಪಾಠ ಮಾಡಿದರು. ಹೊಗೆ ಹೋಗುತ್ತದೆ, ಆದರೆ ಅದರ ಟಾರು, ನಿಕೋಟಿನ್ ಎರಡೂ ಬಟ್ಟೆ, ಫೋಮು, ಪ್ಲಾಸ್ಟಿಕ್ಕು, ಗಾಜು ಎಲ್ಲಕ್ಕೂ ಅಂಟಿಕೊಂಡು ಕೂರುತ್ತವೆ. ಬಿಸಿಯಾದಾಗ ಮತ್ತೆ ಗಾಳಿಗೆ ಏಳುತ್ತವೆ. ಚಳಿಗಾಲದಲ್ಲಿ ಕಾರು ಕೊಳ್ಳುವವರಿಗೆ ಇದು ತಿಳಿಯುವುದಿಲ್ಲ. ಮಾರುವವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಪಾಠ ಮುಗಿಸಿ ಅವರು ದನಿ ತಗ್ಗಿಸಿ, "ನಿಮ್ಮೆಜಮಾನ್ರು ಬಹಳ ದಿನದಿಂದನಾ?" ಅಂದರು.

ಹರಿಹರದ ಕಾಕನಿಗಂತೂ ಕೇಳುವ ಅಗತ್ಯವೂ ಬೀಳಲಿಲ್ಲ. ಮದುವೆಯೊಂದಕ್ಕೆ ಕರೆದುಕೊಂಡು ಹೋಗಲು ನಾವೇ ಅವರ ಮನೆಗೆ ಹೋಗಿದ್ದೆವು. ಹಿಂದಿನ ಸೀಟಿನಲ್ಲಿ ಕೂತವರು ತುಂಗಭದ್ರೆ ಸೇತುವೆ ದಾಟುವವರೆಗೂ ಮಾತಾಡಲಿಲ್ಲ. ಛತ್ರದಲ್ಲಿ ನಮ್ಮನೆಯವರನ್ನು ಕಂಬದ ಮರೆಗೆ ಕರೆದೊಯ್ದು, "ಮಕ್ಕಳ ಮುಖ ನೋಡಿ ಬಿಟ್ಬಿಡಪ್ಪ" ಎಂದರು.

"ನಾನಲ್ಲ ಕಾಕಾ, ಕಾರು."

"ಎಲ್ಲಾರೂ ಹಂಗೇ ಅಂತಾರ."

ಇನ್ನು ಮದ್ದುಗಳ ವಿಷಯ. ಕೆಮ್ಮಿಗೆ, ಬೊಜ್ಜಿಗೆ, ವರ ಸಿಗದಿರುವುದಕ್ಕೆ ಹೇಗೆ ಎಲ್ಲರ ಬಳಿಯೂ ಒಂದೊಂದು ಮದ್ದಿದೆಯೋ ಕಾರಿನ ವಾಸನೆಗೂ ಇದೆ. ಅತ್ತೆಯವರು ಸಾಂಬ್ರಾಣಿ ಹೊಗೆ ಹಾಕಿಸಿದರು. ಹೊಗೆಯನ್ನು ಹೊಗೆಯಿಂದ ಓಡಿಸುವ ಈ ಉಪಾಯದಿಂದ ಕಾರಿಗೆ ಗುಡಿಯ ಹಿಂದೆ ಕದ್ದು ಸೇದಿದ ಪೂಜಾರಿಯ ವಾಸನೆ ಬಂತು. ಮೈದುನ, ಇದ್ದಿಲು ವಾಸನೆ ಹೀರುತ್ತದೆ ಎಂದು ಎಲ್ಲೋ ಓದಿ, ಬೆಣ್ಣೆ ದೋಸೆ ಹೋಟೆಲಿನ ಒಲೆಯಿಂದ ಒಂದು ಚೀಲ ತಂದ. ಹೀರುವುದು ನಿಜ, ಆದರೆ ಅದಕ್ಕೆ ಬೇಕಾದದ್ದು ಸಣ್ಣ ಸಣ್ಣ ರಂಧ್ರಗಳು ತೆರೆದುಕೊಳ್ಳುವಂತೆ ಸಂಸ್ಕರಿಸಿದ ಸಕ್ರಿಯ ಇಂಗಾಲ. ಒಲೆಯ ಇದ್ದಿಲಿಗೆ ಅಷ್ಟು ಶಕ್ತಿ ಇಲ್ಲ. ಅದಕ್ಕಿದ್ದ ಶಕ್ತಿಯೆಲ್ಲ ನನ್ನ ಬಿಳಿ ಇಳಕಲ್ ಸೀರೆಯ ಮೇಲೆ ಪ್ರಯೋಗವಾಯಿತು. ಪಕ್ಕದ ಮನೆಯವರು ಕಾಫಿಪುಡಿ ಇಡಿಸಿದರು. ಅದು ವಾಸನೆ ತೆಗೆಯುವುದಿಲ್ಲ, ಮೇಲೊಂದು ಹೊದಿಕೆ ಹಾಕುತ್ತದೆ ಅಷ್ಟೆ. ಕಾಫಿ, ಸಿಗರೇಟು ಎರಡೂ ಸೇರಿದ ಮೇಲೆ ಕಾರೊಳಗೆ ಕೂತವರಿಗೆ ಇಸ್ಪೀಟೊಂದು ಕಮ್ಮಿ ಅನ್ನಿಸುತ್ತಿತ್ತು.

ಅಡುಗೆ ಸೋಡಾ ಮಾತ್ರ ಮರ್ಯಾದಸ್ಥ ಮದ್ದು. ಸೀಟು, ನೆಲಹಾಸಿನ ಮೇಲೆಲ್ಲ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮಿನಿಂದ ಎಳೆದರೆ ಅರ್ಧ ವಾಸನೆ ತಗ್ಗುತ್ತದೆ. ನಾನು ಒಂದೇ ಸಲ ಅಷ್ಟು ಪೊಟ್ಟಣ ಕೇಳಿದ್ದಕ್ಕೆ ಕಿರಾಣಿ ಅಂಗಡಿಯವರು ಕನ್ನಡಕ ಏರಿಸಿ, "ಮಿರ್ಚಿ ಅಂಗಡಿ ಇಡ್ತೀರೇನ್ ಅಕ್ಕಾರೆ? ಎಲ್ಲಿ?" ಎಂದು ಆಸಕ್ತಿಯಿಂದ ವಿಚಾರಿಸಿದರು. ಮಂಡಕ್ಕಿ-ಮಿರ್ಚಿಯ ಊರಿನಲ್ಲಿ ಸೋಡಾ ಕೊಳ್ಳುವವರಿಗೆ ಬೇರೆ ಉದ್ದೇಶವಿರಲು ಸಾಧ್ಯವೇ ಇಲ್ಲ. ಕಾರಿಗೆ ಅಂದೆ. ಅವರು ನಂಬಲಿಲ್ಲ. ಜಾಗದ ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂತ ಬೇಜಾರಾದರು.

ಉಳಿದರ್ಧಕ್ಕೆ ರಸಾಯನಶಾಸ್ತ್ರದವರು ವಿನೆಗರ್ ಬರೆದುಕೊಟ್ಟರು. ನಿಕೋಟಿನ್ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಹಾರದ, ನೀರಿನಲ್ಲಿ ಕರಗುವ ಲವಣವಾಗುತ್ತದೆ, ಒರೆಸಿ ತೆಗೆಯಬಹುದು. ಸಮಸಮ ನೀರು ಬೆರೆಸಿ ಮುಂದಿನ ಗಾಜಿನ ಒಳಮೈ ಒರೆಸಿದರೆ ಬಿಳಿ ಬಟ್ಟೆ ಹಳದಿಯಾಯಿತು. ಅಷ್ಟು ದಿನ ಆ ಹಳದಿಯ ಮೂಲಕವೇ ಊರು ನೋಡುತ್ತಿದ್ದೆವು. ಜಯದೇವ ವೃತ್ತ ಬೆಳ್ಳಗಿದೆ ಅಂತ ಗೊತ್ತಾದದ್ದೇ ಆಗ. ಸೀಟ್ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ಬಿಸಿನೀರಿನಲ್ಲಿ ಅದ್ದಿದಾಗ ಬಕೆಟ್ಟಿನ ನೀರು ಕಡಕ್ ಚಹಾ ಬಣ್ಣಕ್ಕೆ ತಿರುಗಿತು. ನಮ್ಮನೆಯವರು ಅದನ್ನು ಬಹಳ ಹೊತ್ತು ನೋಡಿ, "ಇದನ್ನೆಲ್ಲ ನಾನೇ ಸೇದಿದ್ದು ಅಂತಾರಲ್ಲ ಜನ" ಎಂದರು. ದನಿಯಲ್ಲಿ ನೋವಿತ್ತು, ಸ್ವಲ್ಪ ಬೆರಗೂ ಇತ್ತು.

ಇಷ್ಟಾದರೂ ಎಸಿ ಹಾಕಿದ ಕೂಡಲೇ ಆ ಅದೃಶ್ಯ ಮನುಷ್ಯ ಹಾಜರು. ಕಡೆಗೆ ಪಿ.ಬಿ. ರಸ್ತೆಯ ಒಂದು ಗ್ಯಾರೇಜಿನ ಹುಡುಗ ಗ್ಲೋವ್ ಬಾಕ್ಸನ್ನು ಬಿಚ್ಚಿ, ಅದರ ಹಿಂದಿನಿಂದ ಒಂದು ಫಿಲ್ಟರ್ ಎಳೆದು ತೋರಿಸಿದ. ಕ್ಯಾಬಿನ್ ಫಿಲ್ಟರಂತೆ. ಅದರ ಮಡಿಕೆಗಳ ತುಂಬ ಕಪ್ಪು. ಕಿಟಕಿ ಮುಚ್ಚಿ, ಒಳಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿಕೊಂಡು ಸೇದಿದರೆ ಹೊಗೆಯೆಲ್ಲ ಎಸಿಯ ಹೊಟ್ಟೆಯೊಳಗೆ ಹಾದುಹೋಗುತ್ತದೆ, ಅಲ್ಲಿ ಗಾಳಿಯನ್ನು ತಂಪು ಮಾಡುವ ಒದ್ದೆ ಕಾಯಿಲ್‌ಗೂ ಮೆತ್ತಿಕೊಳ್ಳುತ್ತದೆ. ಫಿಲ್ಟರ್ ಬದಲಾಯಿಸಿ, ಕಾಯಿಲ್‌ಗೆ ನೊರೆ ಹೊಡೆದು ತೊಳೆಯದೆ ಸೀಟಿಗೆ ಎಷ್ಟು ಸೋಡಾ ಉದುರಿಸಿದರೂ ಸೋಡಾ ದಂಡ. "ಇಷ್ಟ್ ದಿನ ಏನ್ ಮಾಡ್ತಿದ್ರಿ ಸಾರ್?" ಎಂದು ಹುಡುಗ ನಮ್ಮನೆಯವರನ್ನು ಕೇಳಿದ. ಅವನ ಕಣ್ಣಲ್ಲೂ ಅದೇ ಮರುಕ.

ಚಾವಣಿಯ ಬಟ್ಟೆಯನ್ನು ಅವನೇ ಒರೆಸಿದ, ಹಿಂಡಿ ಹಿಂಡಿ, ಹಗುರವಾಗಿ. ಹೊಗೆ ಮೇಲಕ್ಕೇರುವುದರಿಂದ ಹೆಚ್ಚು ಕುಡಿದಿರುವುದು ಅದೇ, ಆದರೆ ನೀರು ಜಾಸ್ತಿಯಾದರೆ ಅಂಟು ಬಿಟ್ಟು ಬಟ್ಟೆ ತಲೆಯ ಮೇಲೆ ಜೋತುಬೀಳುತ್ತದಂತೆ. ಕೊನೆಗೆ ಉಳಿದ ವಾಸನೆ ಕೊಲ್ಲಲು ಓಝೋನ್ ಅನಿಲ ಬಿಡುವ ಯಂತ್ರ ಇಟ್ಟು ಬಾಗಿಲು ಮುಚ್ಚಿದ. ಆಕಾಶದ ಮೇಲೆ ನಮ್ಮನ್ನು ಕಾಯುವ ಓಝೋನ್ ಕಾರೊಳಗೆ ಪುಪ್ಪುಸಕ್ಕೆ ವೈರಿ, ಹಾಗಾಗಿ ಯಾರೂ ಒಳಗಿರಬಾರದು, ಮುಗಿದ ಮೇಲೆ ಬಾಗಿಲೆಲ್ಲ ತೆಗೆದು ಚೆನ್ನಾಗಿ ಗಾಳಿಯಾಡಿಸಬೇಕು. ಹಾಗೇ ಮಾಡಿದೆವು. ಬಿಸಿಲಲ್ಲಿ ನಿಲ್ಲಿಸಿ ನೋಡಿದೆವು. ವಾಸನೆ ಹೋಗಿತ್ತು.

ಮುಂದಿನ ಸಲ ಕಾರು ಹತ್ತಿದ ಹರಿಹರದ ಕಾಕ ಎರಡು ಸಲ ಉಸಿರೆಳೆದು, ನಮ್ಮನೆಯವರ ಹೆಗಲ ಮೇಲೆ ಕೈಯಿಟ್ಟು, "ಗಂಡಸು ಅಂದ್ರ ನೀನಪ್ಪ. ಬಿಟ್ಟೇಬಿಟ್ಟಿ" ಎಂದರು. ಆ ಸುದ್ದಿ ನಮಗಿಂತ ಮೊದಲೇ ವಿದ್ಯಾನಗರ ತಲುಪಿತ್ತು. ಕಿರಾಣಿ ಅಂಗಡಿಯವರು ಕೈಕುಲುಕಿದರು. ಇಬ್ಬರು ಅಪ್ಪಂದಿರು ತಮ್ಮ ಮಕ್ಕಳಿಗೆ ಬುದ್ಧಿ ಹೇಳಿಸಲು ಕರೆದುಕೊಂಡು ಬಂದರು. ಮೊದಮೊದಲು ನಮ್ಮನೆಯವರು "ನಾನು ಸೇದೇ ಇಲ್ಲ" ಅನ್ನುತ್ತಿದ್ದರು, ಅದನ್ನು ಜನ ವಿನಯ ಎಂದು ತಿಳಿದರು. ಆಮೇಲಾಮೇಲೆ "ಮನಸ್ಸು ಗಟ್ಟಿ ಮಾಡ್ಬೇಕು ಅಷ್ಟೆ" ಅನ್ನತೊಡಗಿದರು.

ಮೇ 31ಕ್ಕೆ ವಿಶ್ವ ತಂಬಾಕು ರಹಿತ ದಿನ. ನಮ್ಮ ಬಡಾವಣೆಯವರು ಅವರನ್ನೇ ಮುಖ್ಯ ಅತಿಥಿಯಾಗಿ ಕರೆದರು. ಹಿಂದಿನ ರಾತ್ರಿ ಭಾಷಣ ಬರೆಯಲು ಕೂತವರು ಪೆನ್ನು ಕಚ್ಚುತ್ತಾ, "ದಿನಕ್ಕೆ ಎಷ್ಟು ಸೇದ್ತಿದ್ದೆ ಅಂತ ಹೇಳ್ಲಿ?" ಅಂದರು.

"ಒಂದು ಪ್ಯಾಕ್ ಅನ್ನಿ. ಸಾಕು."

ಒಳಗೆ ಮಲಗಿದ್ದ ಅತ್ತೆಯವರು ಅಲ್ಲಿಂದಲೇ ಕೂಗಿದರು: "ಎರಡು ಅನ್ನೋ. ಮನೆತನದ ಮರ್ಯಾದಿ ಐತಿ."