ಮುಂದಿನ ಮಹಾಮಾರಿ ಬಂದರೆ ವಿದೇಶಿ ವಿಮಾನ ಮೊದಲೇ ನಿಲ್ಲಿಸಬೇಕಾ?

ಪರ: ನಿಲ್ಲಿಸಲೇಬೇಕು, ಅದೂ ಬೇಗ

ಹುಬ್ಬಳ್ಳಿಗೆ ದುಬೈಯಿಂದ ನೇರ ವಿಮಾನ ಇಲ್ಲ. ಹಾಗಂತ ನಾವು ದೂರ ಇದ್ದೇವೆ ಅಂದುಕೊಂಡರೆ ಕೆಟ್ಟೆವು. 2020ರ ಮಾರ್ಚ್‌ನಲ್ಲಿ ಧಾರವಾಡ ಜಿಲ್ಲೆಯ ಮೊದಲ ಕೊರೊನಾ ಪ್ರಕರಣ ಸಿಕ್ಕಿದ್ದು ವಿದೇಶದಿಂದ ಗೋವಾಕ್ಕೆ ಬಂದಿಳಿದು ಊರಿಗೆ ಬಂದವರಲ್ಲಿ. ದೇಶದಲ್ಲಿ ವಿದೇಶಿ ವಿಮಾನಗಳು ನಿಂತಿದ್ದೂ ಅದೇ ಹೊತ್ತಿಗೆ. ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿದ್ದು ಅದಕ್ಕೂ ಮುಂಚೆ, ಮಾರ್ಚ್ 10ರಂದು. ತೀರಿಕೊಂಡವರು ಸೌದಿಯಿಂದ ವಾಪಸ್ ಬಂದಿದ್ದರು. ಬಾಗಿಲು ಹಾಕುವಷ್ಟರಲ್ಲಿ ರೋಗ ಒಳಗೆ ಬಂದು ಕೂತಿತ್ತು.

ನ್ಯೂಜಿಲೆಂಡ್ ಮಾರ್ಚ್ 19ಕ್ಕೇ ಗಡಿ ಮುಚ್ಚಿತು. ಆ ವರ್ಷ ಆಗಸ್ಟ್‌ವರೆಗೆ 102 ದಿನ ಅಲ್ಲಿ ಸಮುದಾಯದಲ್ಲಿ ಹೊಸ ಸೋಂಕು ಕಾಣಲಿಲ್ಲ. ಅದು ದ್ವೀಪ, ನಿಜ. ನಮಗೆ ನೂರು ದಿನ ಬೇಡ, ಮೂರು ವಾರ ಸಾಕು. ಗದಗ, ಹಾವೇರಿಯ ಎಷ್ಟೋ ಜನ ಕಾಯಿಲೆ ಜಾಸ್ತಿಯಾದರೆ ಬರುವುದು ಹುಬ್ಬಳ್ಳಿಯ ಕಿಮ್ಸ್‌ಗೇ. ಅಲ್ಲಿ ಟೆಸ್ಟ್ ಕಿಟ್, ಆಕ್ಸಿಜನ್, ಹಾಸಿಗೆ ಹೊಂದಿಸಲು ಆ ಮೂರು ವಾರ ದೊಡ್ಡದು. ಪ್ರವಾಸ ಮುಂದೂಡಬಹುದು. ಉಸಿರು ಮುಂದೂಡೋಕಾಗುತ್ತಾ?

ವಿರೋಧ: ವಿಮಾನ ಬಿಡಿ, ಬಸ್ ಸ್ಟ್ಯಾಂಡ್ ನೋಡಿ

ಮೂರು ವಾರ ಅನ್ನುವವರಿಗೆ ಒಂದು ಮಾತು. 2020ರಲ್ಲಿ ನಮ್ಮ ಸರ್ಕಾರ ವಿಮಾನ ನಿಲ್ಲಿಸಿದ್ದು ಒಂದು ವಾರಕ್ಕೆ ಅಂತ. ಮಾಮೂಲಿನಂತೆ ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಮುಚ್ಚುವುದು ಸುಲಭ. ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಚೀನಾದಲ್ಲಿ ಡಾಕ್ಟರ್ ಓದುತ್ತಿದ್ದ ನಮ್ಮ ಹುಡುಗರು ರಜೆಗೆ ಬಂದವರು ಎರಡೂವರೆ ವರ್ಷ ಮನೆಯಲ್ಲೇ ಮೊಬೈಲ್ ನೋಡಿ ಪಾಠ ಕಲಿತರು. ಅವರಿಗೆ ಮತ್ತೆ ವೀಸಾ ಸಿಗತೊಡಗಿದ್ದು 2022ರ ಆಗಸ್ಟ್‌ನಲ್ಲಿ. ಅದೂ ಮುಂದೂಡಬಹುದಾದ ಪ್ರವಾಸ ಅಲ್ವಾ?

ಮುಚ್ಚಿ ಆದರೂ ಏನು ಸಿಕ್ಕಿತು? ದಕ್ಷಿಣ ಆಫ್ರಿಕಾ 2021ರ ನವೆಂಬರ್ 24ರಂದು ಹೊಸ ತಳಿ ಸಿಕ್ಕಿದೆ ಅಂತ ಪ್ರಾಮಾಣಿಕವಾಗಿ ಹೇಳಿತು. ಎರಡೇ ದಿನದಲ್ಲಿ ಅದಕ್ಕೆ ಒಮಿಕ್ರಾನ್ ಅಂತ ಹೆಸರಿಟ್ಟರು. ಬಹುಮಾನವಾಗಿ ಆ ದೇಶದ ವಿಮಾನಗಳನ್ನೇ ನಿಲ್ಲಿಸಿದರು. ಆಮೇಲೆ ನೋಡಿದರೆ ಅದಕ್ಕೂ ಮೊದಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಅದು ಇತ್ತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಸಿಕ್ಕವು. ಅದರಲ್ಲಿ ಒಬ್ಬರು ವಿದೇಶಕ್ಕೇ ಹೋಗಿರಲಿಲ್ಲ! ಮುಂದಿನ ಸಲ ಯಾವ ದೇಶ ಬಾಯಿ ಬಿಡುತ್ತದೆ, ಹೇಳಿ.

ವಿಮಾನ ಓಡಲಿ. ಆದರೆ ತಯಾರಿ ಈಗಲೇ ಬೇಕು. ಆಫ್ರಿಕಾ ಕಡೆ ಸೊಳ್ಳೆಯಿಂದ ಹರಡುವ ಹಳದಿ ಜ್ವರಕ್ಕೆ ಅದು ಎಂದೋ ಆಗಿದೆ. ಪ್ರಯಾಣಕ್ಕೆ ಹತ್ತು ದಿನ ಮೊದಲು ಲಸಿಕೆ ಹಾಕಿಸಿಕೊಂಡರೆ ಒಂದು ಕಾರ್ಡ್ ಕೊಡುತ್ತಾರೆ, 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಕೌಂಟರ್‌ನಲ್ಲಿ ಜಗಳ ಇಲ್ಲ. ಕೊರೊನಾದಲ್ಲಿ ಆಗಿದ್ದು ಉಲ್ಟಾ. ಕೊವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆ 2021ರ ನವೆಂಬರ್ 3ರಂದು ಒಪ್ಪುವವರೆಗೆ ಎಷ್ಟೋ ದೇಶಗಳಿಗೆ ಲಸಿಕೆಯೇ ಇಲ್ಲದವರಾಗಿದ್ದರು. ಯಾವ ಲಸಿಕೆ, ಯಾವ ಸರ್ಟಿಫಿಕೇಟ್ ನಡೆಯುತ್ತದೆ ಅನ್ನುವುದನ್ನು ದೇಶಗಳು ಮೊದಲೇ ಮಾತಾಡಿಕೊಂಡಿರಬೇಕು.

ಇನ್ನು ನಮ್ಮ ಊರಿನ ಮಾತು. ಇಲ್ಲಿಯವರು ಇಳಿಯುವುದು ಗೋವಾ, ಮುಂಬೈ ಇಲ್ಲವೇ ಬೆಂಗಳೂರಿನಲ್ಲಿ. ಅಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಬಿಟ್ಟರೆ, ಮುಂದೆ ಇಡೀ ರಾತ್ರಿ ಸ್ಲೀಪರ್ ಬಸ್. ಜ್ವರ ಬರುವ ಮೊದಲೇ ಹರಡುವ ರೋಗಕ್ಕೆ ಥರ್ಮಾಮೀಟರ್ ಏನು ಮಾಡೀತು? ಏರ್‌ಪೋರ್ಟ್‌ನಲ್ಲಿ ಬರೆಸಿಕೊಂಡ ವಿಳಾಸ, ಪ್ರಯಾಣಿಕ ಹುಬ್ಬಳ್ಳಿಯ ಹೊಸೂರು ಬಸ್ ನಿಲ್ದಾಣದಲ್ಲಿ ಇಳಿಯುವ ಮೊದಲು ಧಾರವಾಡದ ಆರೋಗ್ಯ ಕಚೇರಿಗೆ ತಲುಪಬೇಕು. ಮನೆಯಲ್ಲೇ ಪ್ರತ್ಯೇಕ ಇರಿ ಅನ್ನುವುದೂ ಸುಮ್ನೆ ಮಾತು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಆರೇಳು ಜನಕ್ಕೆ ಒಂದೇ ಬಚ್ಚಲು ಇರುವ ಮನೆಗಳಿವೆ. ಅಂಥವರಿಗೆ ಯಾವ ಹಾಸ್ಟೆಲ್, ಊಟ ಯಾರು ಕೊಡುತ್ತಾರೆ ಅನ್ನುವ ಪಟ್ಟಿ ಈಗಲೇ ಸಿದ್ಧವಿರಲಿ. ಹಾಂ, ಪಟ್ಟಿ ಮಾಡುವವರು ಒಂದು ನೋಡಿಕೊಳ್ಳಬೇಕು: ಪರೀಕ್ಷೆ ಹೊತ್ತಿನಲ್ಲಿ ಧಾರವಾಡದ ಹಾಸ್ಟೆಲ್‌ಗಳು ಖಾಲಿ ಇರುವುದಿಲ್ಲ.