ಸೊನ್ನೆ ರೂಪಾಯಿ ಟಿಕೆಟ್, ಸೊನ್ನೆ ಕೆಲಸ

ನನ್ನ ಪರ್ಸಿನ ಒಳಜೇಬಿನಲ್ಲಿ ಹನ್ನೊಂದು ಬಸ್ ಟಿಕೆಟ್ ಇವೆ. ಹೋದ ಪ್ರತಿ ಸಲಕ್ಕೊಂದರಂತೆ ಎತ್ತಿಟ್ಟಿದ್ದು. ಎಲ್ಲದರ ಮೇಲೂ ಸೊನ್ನೆ ರೂಪಾಯಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರದೇ ಹೋಗಿದ್ದರೆ ಈ ಪಿಎಚ್‌ಡಿ ಫೈಲಿನ ಹಿಂದೆ ಓಡಾಡಲು ಬಳೆ ಅಡವಿಡಬೇಕಿತ್ತು.

ಕತ್ತಲಲ್ಲೇ ಎದ್ದು ಮಗುವಿಗೆ ಹಾಲು ಕಾಸಿಟ್ಟು, ಮಾದನಗೇರಿ ಕ್ರಾಸಿನಲ್ಲಿ ಸಿಕ್ಕ ಬಸ್ ಹಿಡಿದು ಅಂಕೋಲಾ. ಅಲ್ಲಿಂದ ಅರಬೈಲು ಘಾಟಿ ಹತ್ತಿ, ಯಲ್ಲಾಪುರದಲ್ಲಿ ಒಂದು ಚಾ ಕುಡಿದು, ಮತ್ತೆ ಬಸ್ಸು. ಯೂನಿವರ್ಸಿಟಿ ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ಒಂದು ಗಂಟೆಗೆ ಕೌಂಟರಿನವರ ಊಟ. ಹನ್ನೆರಡೂ ಮುಕ್ಕಾಲಿಗೇ ಡಬ್ಬಿ ಮುಚ್ಚಳ ತೆಗೆಯುವ ಸದ್ದು ಕೇಳುತ್ತದೆ.

ಮೊನ್ನೆ ಗುರುವಾರ ಹನ್ನೊಂದನೇ ಸಲ. ಕೌಂಟರಿನವರು ಫೈಲ್ ತಿರುವಿ, "ಮೇಡಂ, ನಿಮಗ ಅವಧಿ ವಿಸ್ತರಣೆ ಪತ್ರ ಕೊಟ್ಟಿದ್ವಲ್ರಿ, ಅದರ ಝೆರಾಕ್ಸ್ ಬೇಕು" ಅಂದರು. ಆ ಪತ್ರ ಕಳಿಸಿದ್ದು ಯಾರು? ಇವರೇ. ಸಹಿ ಯಾರದ್ದು? ಇವರ ಸಾಹೇಬರದ್ದು. ಟೈಪ್ ಮಾಡಿದ್ದು? ಇದೇ ಮನುಷ್ಯ, ನನ್ನ ಕಣ್ಣೆದುರೇ, ಎರಡು ಬೆರಳಲ್ಲಿ.

"ಆಫೀಸ್ ಕಾಪಿ ಇರುತ್ತಲ್ಲ ಸರ್?"

"ಇರ್ತದ್ರಿ. ಹುಡುಕಬೇಕು."

ಯಾರು ಹುಡುಕಬೇಕು ಅಂತ ಹೇಳಲಿಲ್ಲ. ಅವರ ಬೆನ್ನ ಹಿಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಫೈಲಿನ ಗಂಟುಗಳು ಕಿಟಕಿಯನ್ನೂ ಮುಚ್ಚಿ ನಿಂತಿವೆ. ಒಂದು ಗಂಟಿನ ಮೇಲೆ ಚಹಾ ಲೋಟ ಇಟ್ಟ ಉಂಗುರದ ಗುರುತು. ಅದರೊಳಗೆ ಯಾವ ಪುಣ್ಯಾತ್ಮನ ಡಿಗ್ರಿ ಇದೆಯೋ.

ಆ ವಿಸ್ತರಣೆ ಪತ್ರದ ಕಥೆಯೇ ಒಂದು ಪುರಾಣ. ನಾನು ಹೆಸರು ನೋಂದಾಯಿಸಿದ್ದು 2019ರಲ್ಲಿ. ಪಿಎಚ್‌ಡಿಗೆ ಹೆಚ್ಚೆಂದರೆ ಆರು ವರ್ಷ. ಹೆಂಗಸರಿಗೆ ಇನ್ನೆರಡು ವರ್ಷ ಕೊಡಬಹುದು, ಬಾಣಂತನ, ಮಗುವಿನ ಆರೈಕೆ ಅಂತ 240 ದಿನ ರಜೆಯನ್ನೂ ಕೊಡಬಹುದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿದೆ. 2016ರದ್ದರಲ್ಲೂ ಇದೆ, 2022ರದ್ದರಲ್ಲೂ ಇದೆ. ಆ ಪುಟ ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಗೀಟು ಎಳೆದು ಒಯ್ದು ತೋರಿಸಿದೆ. "ಯುಜಿಸಿದಾಗ ಇರಬಹುದ್ರಿ. ನಮಗ ಸರ್ಕ್ಯುಲರ್ ಬಂದಿಲ್ಲ." ಅದೇ ಉತ್ತರ ಮೂರು ಸಲ. ಮೂರು ಟಿಕೆಟ್. ಹೆತ್ತಿದ್ದಕ್ಕೆ ಆಸ್ಪತ್ರೆಯ ಚೀಟಿ ಕೇಳಿದರು, ಕೊಟ್ಟೆ. ಮಗುವಿನ ಜನನ ಪ್ರಮಾಣಪತ್ರ ಕೇಳಿದರು, ಕೊಟ್ಟೆ. ಇನ್ನೊಂದು ದಿನ ಬಿಟ್ಟಿದ್ದರೆ ಮಗುವನ್ನೇ ಇನ್‌ವರ್ಡ್ ಮಾಡಿಸಬೇಕಿತ್ತೇನೋ.

ಆರು ವರ್ಷ ಎಲ್ಲಿ ಹೋಯಿತು ಅಂತ ಕೇಳುವವರೂ ಇದ್ದಾರೆ. ಮೊದಲ ಗೈಡ್ ನಿವೃತ್ತರಾದರು. ಬೇರೆ ಗೈಡ್ ಕೊಡುವ ಒಂದು ಸಹಿಗೆ ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳೂ ನನ್ನ ಲೆಕ್ಕಕ್ಕೇ ಬಿತ್ತು, ಅವರ ಲೆಕ್ಕಕ್ಕಲ್ಲ.

ಇನ್ನು ಅಂಕೋಲಾ ಹತ್ತಿರದ ಶಿರೂರಿನದ್ದು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕು. ಇಮೇಲ್ ನಡೆಯುವುದಿಲ್ಲ, ಹಾರ್ಡ್ ಕಾಪಿಯೇ ಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಜನ ಮಣ್ಣಿನಡಿಯಲ್ಲಿ, ಗಂಗಾವಳಿ ನದಿಯ ನೀರಿನಲ್ಲಿ. ಇಡೀ ರಾಜ್ಯ ಟಿವಿ ಮುಂದೆ ಕೂತು ನೋಡಿತು. ನಾನು ವರದಿ ಕೊಟ್ಟಿದ್ದು ತಡವಾಯಿತು. ಕೇಳಿದ್ದೇನು ಗೊತ್ತಾ? "ರಸ್ತೆ ಬಂದ್ ಆಗಿತ್ತು ಅನ್ನೂದಕ್ಕ ದಾಖಲೆ ಏನೈತ್ರಿ?" ಪೇಪರ್ ಕಟಿಂಗ್ ಕೊಟ್ಟೆ. ಪೇಪರ್ ಕಟಿಂಗ್ ದಾಖಲೆ ಅಲ್ಲವಂತೆ. ಕೊನೆಗೆ ತಡವಾದದ್ದಕ್ಕೆ ದಂಡ ಕಟ್ಟಿಸಿಕೊಂಡರು. ಚಲನ್ ಇನ್ನೂ ಇದೆ. ಹರಿಯಲು ಮನಸ್ಸಿಲ್ಲ.

ಇಷ್ಟೆಲ್ಲ ದಾಟಿ ಪ್ರಬಂಧ ಮುಗಿಸಿದೆ ಸ್ವಾಮಿ. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಹಾಡುಗಳ ಬಗ್ಗೆ, ಇನ್ನೂರ ಎಂಬತ್ತು ಪುಟ. ಅವರದೇ ಸೂಚನೆಯಂತೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕೃತಿಚೌರ್ಯ ಪರೀಕ್ಷೆಗೆ ಒಯ್ದರೆ, ಆ ತಂತ್ರಾಂಶಕ್ಕೆ ನುಡಿಯ ಹಳೇ ಫಾಂಟ್ ಓದಲಿಕ್ಕೆ ಬರುವುದಿಲ್ಲ. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು, ಚುಕ್ಕಿ. "ಯೂನಿಕೋಡ್ ಮಾಡ್ಕೊಂಡ್ ಬರ್ರಿ." ಮಾಡಿದೆ. ಪರಿವರ್ತನೆಯಲ್ಲಿ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲು. 'ವರ್ಷ' ಹೋಗಿ 'ವಷರ್' ಆಯಿತು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಪಾಠ ಮುಗಿಸಿ ಬಂದು, ಮಗು ಮಲಗಿದ ಮೇಲೆ, ಹತ್ತೊಂಬತ್ತು ರಾತ್ರಿ ಕೂತು ಒಂದೊಂದೇ ಅರ್ಕಾವತ್ತು ಹಿಡಿದು ತಂದು ಅದರ ಜಾಗದಲ್ಲಿ ಕೂರಿಸಿದ್ದೇನೆ.

ಫಲ ಏನು? ಶೇಕಡಾ 31 ಕದ್ದಿದ್ದಂತೆ. ಶೇಕಡಾ 10ರ ಒಳಗಿದ್ದರೆ ಮಾತ್ರ ಮುಂದೆ.

ಯಾವುದು ಕದ್ದಿದ್ದು ಅಂತ ನೋಡಿದರೆ, ಹಾಡುಗಳು! ಸುಗ್ಗಿ ಹಾಡು, ಮದುವೆ ಹಾಡು. ಅದೇ ಹಾಡನ್ನು ಇನ್ಯಾರೋ ಬೇರೆ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡಿದ್ದಾರೆ, ಹಾಗಾಗಿ ಯಂತ್ರಕ್ಕೆ ಎರಡೂ ಒಂದೇ. ಜನಪದ ಹಾಡು ಅಂದರೇನೇ ಹತ್ತು ಬಾಯಲ್ಲಿ ಇರುವುದು ಅಲ್ವಾ? ಯಾರು ಹಾಡಿದ್ದು, ಯಾವ ಕೇರಿ, ಯಾವ ದಿನ ಅಂತ ಪ್ರತಿ ಹಾಡಿನ ಕೆಳಗೆ ಬರೆದಿದ್ದೇನೆ. ಮೂಲ ಹೇಳಿ ಉದ್ಧರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ 2018ರ ಯುಜಿಸಿ ನಿಯಮವೇ ಹೇಳುತ್ತದೆ. ಅದಕ್ಕೂ ಪ್ರಿಂಟ್, ಅದಕ್ಕೂ ಗೀಟು. ಅಲ್ಲಿದ್ದ ಹುಡುಗ ಪಾಪದವನು, ಅವನ ಮೇಲೆ ಸಿಟ್ಟಿಲ್ಲ. "ಮೇಡಂ, ಹಾಡು ಸ್ವಲ್ಪ ನಿಮ್ಮ ಶಬ್ದದಾಗ ಬರೀರಿ, ಕಡಿಮಿ ಆಕ್ಕೈತಿ" ಅಂದ.

ಹಾಡನ್ನು ನನ್ನ ಶಬ್ದದಲ್ಲಿ ಬರೆಯಬೇಕಂತೆ!

ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟಿದ್ದು ಈ ಹಾಡಿಗೇ ತಾನೆ? ಅವರೂ 2025ರ ಫೆಬ್ರವರಿಯಲ್ಲಿ ಹೋದರು. ನನಗೆ ಹಾಡು ಹೇಳಿದ ಏಳು ಅಜ್ಜಿಯರಲ್ಲಿ ಈಗ ಉಳಿದವರು ನಾಲ್ವರು. ಅವರಲ್ಲೊಬ್ಬರು ಸಂತೆಯಲ್ಲಿ ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಕೂತವರು, ಕಂಡಾಗಲೆಲ್ಲ ಕೇಳುತ್ತಾರೆ, "ಪುಸ್ತಕ ಬಂತಾ ತಂಗೀ?" ಇಲ್ಲ ಅಂದರೆ ಬೇಜಾರಾಗುತ್ತಾರೆ ಅಂತ ಈಚೆಗೆ ನಾನು ಆ ಸಾಲಿನಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ಸೊಪ್ಪನ್ನು ಬೇರೆ ಕಡೆ ತರುತ್ತೇನೆ.

ಶೇಕಡಾ 31ರ ವಿಷಯಕ್ಕೆ ಗೈಡ್ ಒಂದು ಪತ್ರ ಬರೆದುಕೊಟ್ಟರು. ಅದು ಕಮಿಟಿ ಮುಂದೆ ಹೋಗಬೇಕು. ಕಮಿಟಿ ಮುಂದೆ ಹೋಗಲು ನನ್ನ ನೋಂದಣಿ ಜೀವಂತ ಇದೆ ಅಂತ ತೋರಿಸಬೇಕು. ಅದಕ್ಕೇ ಆ ವಿಸ್ತರಣೆ ಪತ್ರದ ಝೆರಾಕ್ಸ್. ಮೂಲ ಪತ್ರ ಮನೆಯಲ್ಲಿತ್ತು, ನಾನು ಘಟ್ಟದ ಮೇಲಿದ್ದೆ. ನಮ್ಮನೆಯವರಿಗೆ ಫೋನ್ ಮಾಡಿ ವಾಟ್ಸಾಪಿನಲ್ಲಿ ಫೋಟೊ ತರಿಸಿದೆ. ಫೋಟೊ ನಡೆಯುವುದಿಲ್ಲ ಅಂದರು. ಅಷ್ಟರಲ್ಲಿ ಡಬ್ಬಿ ಮುಚ್ಚಳದ ಸದ್ದು. "ಸೋಮವಾರ ಬರ್ರಿ ಮೇಡಂ, ಮಾಡಿಕೊಡೂಣು."

ಮನೆಗೆ ಬಂದಾಗ ರಾತ್ರಿ ಎಂಟೂವರೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದರೂ ಪ್ರಬಂಧದ ಮೂಲೆ ಒದ್ದೆಯಾಗಿತ್ತು. ಅತ್ತೆ ಬಾಗಿಲಲ್ಲೇ "ಸಹಿ ಹಾಕಿದ್ರಾ?" ಅಂತ ಕೇಳಿದರು. ಸೋಮವಾರ ಬರಲು ಹೇಳಿದ್ದಾರೆ ಅಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ ಸುಮ್ಮನಾದರು. ನಾನೂ ನೋಡಿದೆ.

ಸೋಮವಾರದ ಅಂಕಿ ಕೆಂಪಗಿದೆ. ಸರ್ಕಾರಿ ರಜೆ.