ಕಾಂಟೂರ್ ಬಗ್ಗೆ ಇನ್ನಷ್ಟು ಬರೆಯಿರಿ

ಎನ್‌ಸಿಸಿ ಮಕ್ಕಳಿಗಾಗಿ ಮ್ಯಾಪ್ ರೀಡಿಂಗ್ ಬಗ್ಗೆ ಕನ್ನಡದಲ್ಲೇ ಬರೆದಿದ್ದೀರಿ, ತುಂಬಾ ಖುಷಿಯಾಯ್ತು. ಚಿಹ್ನೆಗಳ ಪಟ್ಟಿ ಚೆನ್ನಾಗಿದೆ. ಆದರೆ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸೈನಿಕನಿಗೆ ಜಾಸ್ತಿ ಬೇಕಾಗುವುದು ಅದೇ ಅಲ್ವಾ?

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ (1 ಸೆಂ.ಮೀ.ಗೆ ಅರ್ಧ ಕಿ.ಮೀ.) ಅಕ್ಕಪಕ್ಕದ ಎರಡು ಕಂದು ಕಾಂಟೂರ್ ಗೆರೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸ ಇರುತ್ತದೆ. ಗೆರೆಗಳು ‘ವಿ’ ಆಕಾರದಲ್ಲಿ ಬಾಗಿದ್ದರೆ ಚೂಪು ತುದಿ ಯಾವ ಕಡೆಗಿದೆ ನೋಡಬೇಕು. ಎತ್ತರದ ಕಡೆಗಿದ್ದರೆ ಕಣಿವೆ. ತಗ್ಗಿನ ಕಡೆಗಿದ್ದರೆ ಬೆಟ್ಟದ ಚಾಚು, ಅಂದರೆ ಸ್ಪರ್. ಇದು ಅದಲುಬದಲಾದರೆ ಕಣಿವೆಯ ಮರೆಯಲ್ಲಿ ಸಾಗಬೇಕಾದ ತುಕಡಿ ಎಲ್ಲರ ಕಣ್ಣಿಗೆ ಬೀಳುವ ಏಣಿನ ಮೇಲೆ ಹೋಗಿ ನಿಲ್ಲುತ್ತದೆ. ಗೆರೆಯ ಮೇಲಿನ ಅಂಕಿ ಓದದೆ ಸುಮ್ನೆ ಆಕಾರ ನಂಬಬಾರದು.

ಹಳ್ಳಗಳ ಬಣ್ಣವೂ ಮುಖ್ಯ. ನೀಲಿ ಇದ್ದರೆ ನೀರು, ಕಪ್ಪು ಇದ್ದರೆ ಒಣಹಳ್ಳ. ಮಳೆಗಾಲದಲ್ಲಿ ಅದೇ ಕಪ್ಪು ಹಳ್ಳ ದಾಟಲಾಗದಷ್ಟು ತುಂಬಿರಬಹುದು, ಇದನ್ನೂ ಮಕ್ಕಳಿಗೆ ಹೇಳಿ.

ಮುಂದಿನ ಸಲ ಆರು ಅಂಕಿಯ ಗ್ರಿಡ್ ರೆಫರೆನ್ಸ್, ಅಂದರೆ ನಕ್ಷೆಯ ಚೌಕಗಳ ಮೇಲೆ ಒಂದು ಜಾಗವನ್ನು ಗುರುತಿಸುವ ಸಂಖ್ಯೆಯ ಬಗ್ಗೆ ಬರೆಯಿರಿ. ಮೊದಲು ಈಸ್ಟಿಂಗ್ (ಪೂರ್ವದ ಕಡೆಗೆ ಎಣಿಸುವ ಅಂಕಿ), ಆಮೇಲೆ ನಾರ್ತಿಂಗ್ (ಉತ್ತರದ ಕಡೆಗೆ ಎಣಿಸುವ ಅಂಕಿ) ಎನ್ನುವುದನ್ನು ಒಂದು ಚಿತ್ರ ಹಾಕಿ ತೋರಿಸಿದರೆ ಬೇಗ ಅರ್ಥವಾಗುತ್ತದೆ.